ರಾಜಮತಿ ಬಾಯಾರ ರದ್ದಿ ಚೀಲ

ಗಡಿಯಾಚೆ ಮಹಾರಾಷ್ಟ್ರದಲ್ಲಿರುವ ಸಿದ್ದನವಾಡಿಯ ಕನ್ನಡ ಶಾಲೆಯ ಶಿಕ್ಷಕಿ ರಾಜಮತಿ ಬಾಯಾರಿಗೆ ಊರವರು ಇಟ್ಟ ಹೆಸರು ರದ್ದಿ ಬಾಯಾರು. ಹತ್ತೊಂಬತ್ನೂರ ಎಂಬತ್ತೆಂಟರಲ್ಲಿ ಅವರು ನಿವೃತ್ತರಾಗುವ ತನಕವೂ ಅದೇ ನಡೆಯಿತು. ಎದುರಿಗೆ ಮಾತ್ರ ಯಾರೂ ಹಾಗೆ ಅನ್ನುತ್ತಿರಲಿಲ್ಲ. ಅವರು ಬೆನ್ನು ತಿರುಗಿಸುವಷ್ಟು ಹೊತ್ತು ಕಾಯುವ ಸೌಜನ್ಯ ಊರಿಗೆ ಇತ್ತು.

ಹೆಸರಿಗೆ ಕಾರಣ ಒಂದು ಗೋಣಿಚೀಲ. ಬಾಯಾರ ಗಂಡ ಕಾಕಾಸಾಹೇಬರದು ಇಚಲಕರಂಜಿಯಲ್ಲಿ ನಾಲ್ಕು ಮಗ್ಗದ ಶೆಡ್ಡು. ಬಾಯಾರು ವಾರವೆಲ್ಲ ಮಹಾಗಾಂವದ ಬಾಡಿಗೆ ಕೋಣೆಯಲ್ಲಿದ್ದು, ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಇಚಲಕರಂಜಿಗೆ ಹೋಗಿ, ಸೋಮವಾರ ನಸುಕಿಗೆ ಎಸ್.ಟಿ. ಹಿಡಿದು ಬರುವವರು. ಬರುವಾಗ ಅವರ ಜೊತೆಗೆ ಚೀಲವೂ ಬಸ್ಸು ಹತ್ತುತ್ತಿತ್ತು. ಗಡಹಿಂಗ್ಲಜದ ಕಂಡಕ್ಟರ್ ಪ್ರತಿ ಸೋಮವಾರವೂ "ಬಾಈ, ಪೋತ್ಯಾತ್ ಕಾಯ್ ಆಹೆ?" ಎಂದು, ಚೀಲದಲ್ಲಿ ಏನಿದೆ ಎಂದು, ಮರಾಠಿಯಲ್ಲಿ ಕೇಳುವನು. "ಅಭ್ಯಾಸ ಆಹೆ", ಅಂದರೆ ಮಕ್ಕಳ ಓದು ಇದೆ, ಎಂದು ಇವರು ಹೇಳುವರು. ಚೀಲದಲ್ಲಿ ಅಭ್ಯಾಸ ಹೊತ್ತು ತರುವ ಹೆಂಗಸನ್ನು ಆತ ಅಲ್ಲಿಯವರೆಗೆ ಕಂಡಿರಲಿಲ್ಲ.

ಚೀಲದ ತುಂಬ ಇಚಲಕರಂಜಿಯ ರದ್ದಿ ಅಂಗಡಿಯಿಂದ ಆರಿಸಿದ ಕನ್ನಡ ಕಾಗದ. ಮಗ್ಗದ ಕೆಲಸಕ್ಕೆ ಬಂದಿದ್ದ ಕನ್ನಡದ ಮಂದಿ ಓದಿ ಬಿಟ್ಟ ಪತ್ರಿಕೆಗಳು, ಹಳೇ ಪಂಚಾಂಗ, ಲಗ್ನಪತ್ರಿಕೆ, ದನದ ಔಷಧದ ಡಬ್ಬಿಯೊಳಗಿನ ಚೀಟಿ, ನಾಟಕದ ಕಂಪನಿಯವರ ಹಸ್ತಪ್ರತಿಯ ಹಾಳೆ, ನಗೆಹನಿ, ಒಗಟು, ಮುಖಪುಟ ಕಳೆದುಕೊಂಡ ಮಕ್ಕಳ ಕಥೆ. ಇಷ್ಟನ್ನೂ ಅವರು ಮೂರನೇ ನಾಲ್ಕನೇ ಇಯತ್ತೆಯ ಮಕ್ಕಳ ಮುಂದೆ ಸುರಿದು, "ಆರಿಸಿಕೊಳ್ರಿ, ಓದ್ರಿ" ಅನ್ನುತ್ತಿದ್ದರು. ಪಠ್ಯಪುಸ್ತಕ ಇರುವಾಗ ಇದೆಲ್ಲ ಯಾಕೆ ಎಂದು ಕೇಳಿದವರಿಗೆ ಉತ್ತರ ಕೊಡುತ್ತಿರಲಿಲ್ಲ. ಉತ್ತರ ಕೊಡಬೇಕಾದರೆ ತಮ್ಮ ಕನ್ಯಾ ನೋಡಿದ ಕಥೆ ಹೇಳಬೇಕಾಗುತ್ತಿತ್ತು.

ಆ ಕಥೆ ಹೀಗಿದೆ. ರಾಜಮತಿ ಹುಟ್ಟಿ ಬೆಳೆದದ್ದು ಉದಗಾಂವದಲ್ಲಿ. ಶಾಲೆಯಲ್ಲಿ ಅವಳೇ ಮೊದಲ ನಂಬರು. ಪುಸ್ತಕ ಮುಚ್ಚಿಟ್ಟರೂ ಪಾಠ ಒಪ್ಪಿಸುವ ಹುಡುಗಿ. ಎಲ್ಲ ಮಕ್ಕಳ ಹಾಗೆ ಅವಳದೂ ಪಾಠದ ರಾಗ: ವಾಕ್ಯದ ಕೊನೆಗೆ ಬಂದಾಗ ದನಿಯನ್ನು ಅಟ್ಟಕ್ಕೇರಿಸಿ, ಅಲ್ಲಿ ಸ್ವಲ್ಪ ಹೊತ್ತು ಕೂಡಿಸಿ, ಆಮೇಲೆ ಕೆಳಗಿಳಿಸುವುದು. ಕನ್ಯಾ ನೋಡಲು ಬಂದ ಇಚಲಕರಂಜಿಯ ಮಾವನವರು ಹುಡುಗಿ ಓದಿದ್ದಾಳೋ ಇಲ್ಲವೋ ನೋಡೋಣವೆಂದು ಕೈಗೆ ಪತ್ರಿಕೆ ಕೊಟ್ಟರು. ಅದರಲ್ಲಿ ಸೂತಿನ, ಅಂದರೆ ಮಗ್ಗದ ನೂಲಿನ, ದರ ಏರಿದ ಸುದ್ದಿ ಇತ್ತು. ರಾಜಮತಿ ಆ ಸುದ್ದಿಯನ್ನು ಆದಿಯಿಂದ ಅಂತ್ಯದವರೆಗೆ ಪಾಠದ ರಾಗದಲ್ಲಿ ಹಾಡಿಬಿಟ್ಟಳು. ಮಗ್ಗದ ಮಾಲಕರಾದ ಮಾವನವರು ಕಣ್ಣು ಮುಚ್ಚಿ ಕೇಳಿ, "ಸೂತಿನ ದರಾ ಏರಿದ್ದ ಕೇಳಿ ಮೊದಲನೇ ಸಲ ಸಂತೋಷ ಆತ ನೋಡ್ರಿ. ಹುಡುಗಿ ಭಾಳ ಚೊಲೊ ಹಾಡತಾಳ" ಎಂದು ಅಲ್ಲೇ ಒಪ್ಪಿಗೆ ಕೊಟ್ಟರು.

ಲಗ್ನವಾಯಿತು. ಕಾಕಾಸಾಹೇಬರು ಬಂದ ಬೀಗರೆದುರಿಗೆಲ್ಲ "ಆ ಸೂತಿನ ಪದಾ ಒಂದ ಹೇಳ ನೋಡೂಣು" ಎಂದು ಹೆಂಡತಿಯನ್ನು ಕಾಡಿದರು. ಎಲ್ಲರೂ ನಕ್ಕರು, ರಾಜಮತಿಯೂ ನಕ್ಕಳು. ಆದರೆ ಆ ನಗೆಯನ್ನು ಮರೆಯಲಿಲ್ಲ. ಶಾಲೆಯ ಅಷ್ಟೂ ವರ್ಷಗಳಲ್ಲಿ ಒಬ್ಬರಾದರೂ ಅವಳ ಕೈಗೆ ಪಾಠವಲ್ಲದ ಒಂದು ಚೂರು ಕಾಗದ ಕೊಟ್ಟಿದ್ದರೆ, ಅಚ್ಚಾದದ್ದೆಲ್ಲ ಒಂದೇ ಅಲ್ಲ ಎಂದು ತಿಳಿಯುತ್ತಿತ್ತು. ಆಮೇಲೆ ಅವಳು ಹಟ ಹಿಡಿದು ಮುಂದೆ ಕಲಿತು, ಬಾಯಾರಾಗಿ, ಸಿದ್ದನವಾಡಿಗೆ ಬಂದಳು. ಮೊದಲ ದಿನವೇ ತರಗತಿಯ ಮಕ್ಕಳು ಒಕ್ಕೊರಲಿನಿಂದ ಅದೇ ರಾಗ ತೆಗೆದರು. ಮರುವಾರದಿಂದಲೇ ಚೀಲ ಬರತೊಡಗಿತು.

ರಾಗ ಮಾತ್ರ ಬಿಡಲೊಲ್ಲದು. ಮಕ್ಕಳು ಲಗ್ನಪತ್ರಿಕೆಯನ್ನೂ ಹಾಡಿದರು, ಜಂತುಹುಳದ ಔಷಧವನ್ನೂ ಹಾಡಿದರು. ನಗೆಹನಿ ಓದಿದರೆ ನಗಬೇಕಾದ ಜಾಗದಲ್ಲಿ ದನಿ ಅಟ್ಟ ಹತ್ತಿ ಕೂತುಬಿಡುತ್ತಿತ್ತು. ಬಾಯಾರು ಒಂದು ವರ್ಷ ಸಹಿಸಿದರು, ಎರಡು ವರ್ಷ ಸಹಿಸಿದರು.

ಎಪ್ಪತ್ತಾರರ ಮಳೆಗಾಲಕ್ಕೆ ಶಾಲೆಯ ಗೋಡೆ ಬಿತ್ತು. ಹಾಲಸಿದ್ದನ ಗುಡಿಯ ಪೂಜಾರಿ ಯಲಗೂರಪ್ಪ ದೊಡ್ಡ ಮನಸ್ಸು ಮಾಡಿ ಗುಡಿಯ ಪೌಳಿಯಲ್ಲಿ ಶಾಲೆ ನಡೆಸಲು ಜಾಗ ಕೊಟ್ಟ. ಒಂದೇ ಷರತ್ತು: ಪೌಳಿಯೊಳಗೆ ಕಾಲಿಟ್ಟ ಮಗುವಿನ ಹಣೆಗೆ ಭಂಡಾರದ ಹಳದಿ ಇರಬೇಕು. ಬಾಯಾರು ಒಪ್ಪಿದರು. ಹಾಲಸಿದ್ದ ಆ ಊರಿನ ಕುರುಬರ ಮನೆದೇವರು. ವರ್ಷಕ್ಕೊಮ್ಮೆ ಯಾರೋ ಒಬ್ಬರು ಹಣೆತುಂಬ ಭಂಡಾರ ಹಚ್ಚಿಕೊಂಡು, ಮೈ ನಡುಗಿಸುತ್ತ, "ಬರತೈತಿ, ಬರತೈತಿ" ಎಂದು ಶುರುಮಾಡಿ ಮಳೆಬೆಳೆ, ರೋಗರುಜಿನ, ರಾಜ್ಯದ ಏರುಪೇರು ಎಲ್ಲವನ್ನೂ ದೇವರ ಪರವಾಗಿ ನುಡಿಯುತ್ತಿದ್ದರು. ಅದಕ್ಕೆ ಹೇಳಿಕೆ ಅನ್ನುತ್ತಾರೆ. ಹೇಳಿಕೆಯಾದ ಮೇಲೆ ಊರು ಅದರ ಪ್ರಕಾರ ನಡೆಯುತ್ತದೆ.

ದೀಪಾವಳಿ ಮುಗಿದ ಒಂದು ಸೋಮವಾರ ಬಾಯಾರು ಗಡಹಿಂಗ್ಲಜದ ಸ್ಟ್ಯಾಂಡಿನಲ್ಲಿ ಇಳಿದಾಗ ಯಾರೋ ಒಬ್ಬ ಕೈಗೆ ಒಂದು ಕೆಂಪು ಕಾಗದ ತುರುಕಿ ಹೋದ. ಬಿಟ್ಟಿ ಕಾಗದ ಬಿಡುವ ಜೀವ ಅವರದಲ್ಲ, ಅದನ್ನೂ ಚೀಲಕ್ಕೆ ಹಾಕಿಕೊಂಡರು. ಅಂದು ಮಧ್ಯಾಹ್ನ ಮಕ್ಕಳಿಗೆ ಹೊಸ ಪಾಠ ಹೇಳಿದರು: "ಪ್ರತಿ ಕಾಗದಕ್ಕೂ ಅದರದ ಒಂದ ದನಿ ಇರತೈತಿ. ಅದು ಹ್ಯಾಂಗ ಓದು ಅನತೈತೋ ಹಂಗ ಓದ್ರಿ. ರಾಗ ತಗದೀರಂದ್ರ ನೋಡ್ರಿ ಮತ್ತ!"

ಮೂರನೇ ಇಯತ್ತೆಯ ಮಾಯವ್ವನ ಕೈಗೆ ಮೇಲೂ ಕೆಳಗೂ ಹರಿದಿದ್ದ ಆ ಕೆಂಪು ಕಾಗದ ಬಂತು. ಮಾತು ಕಡಿಮೆಯ, ಕಣ್ಣು ದೊಡ್ಡದಾದ ಹುಡುಗಿ. ಕಾಗದವನ್ನು ಮೊದಲು ಮನಸ್ಸಿನಲ್ಲೇ ಓದಿಕೊಂಡಳು. "ಬರುತ್ತಿದೆ! ಬರುತ್ತಿದೆ!" ಎಂದು ಅದು ಶುರುವಾಗುತ್ತಿತ್ತು. ಮಾಯವ್ವ ಹುಟ್ಟಿದಾಗಿನಿಂದ ಹಾಗೆ ಶುರುವಾಗುವ ಮಾತು ಒಂದನ್ನೇ ಕೇಳಿದ್ದಳು. ಎದ್ದು ನಿಂತಳು. ಕಣ್ಣು ಮುಚ್ಚಿ ತೆರೆದಳು. ಮೈ ಸ್ವಲ್ಪ ನಡುಗಿಸಿ, ಎದೆಯ ತಳದಿಂದ ದನಿ ತೆಗೆದಳು.

"ಬರುತ್ತಿದೆ! ಬರುತ್ತಿದೆ! ಇದೇ ಶುಕ್ರವಾರದಿಂದ! ಅಣ್ಣತಮ್ಮಂದಿರ ನಡುವೆ ಹೊತ್ತಿ ಉರಿಯುವ ದ್ವೇಷದ ಬೆಂಕಿ! ತಾಯಿಯಿಂದ ಅಗಲುವ ಮಗ! ರಕ್ತದ ಹೊಳೆ! ಕಣ್ಣೀರಿನ ಕೋಡಿ! ಹೆಂಗಸರಿಗೆ ಪ್ರತ್ಯೇಕ ಸ್ಥಳ! ಮಕ್ಕಳೊಂದಿಗೆ ಮುಂಚಿತವಾಗಿ ಬನ್ನಿರಿ! ತಡಮಾಡಿದವರಿಗೆ ಜಾಗವಿಲ್ಲ!"

ಮಕ್ಕಳು ತಮ್ಮ ಕಾಗದ ಬಿಟ್ಟು ಅವಳನ್ನೇ ನೋಡಿದವು. ಬಾಯಾರಿಗಂತೂ ಮುಗಿಲು ಮೂರೇ ಗೇಣು ಉಳಿಯಿತು. ಎರಡು ವರ್ಷದಲ್ಲಿ ಮೊಟ್ಟಮೊದಲ ಸಲ ಒಂದು ಮಗು ರಾಗ ಬಿಟ್ಟಿತ್ತು! ಅದು ಯಾವ ದನಿ, ಅದನ್ನು ಯಾವ ಜಾಗದಲ್ಲಿ ತೆಗೆಯುತ್ತಿದೆ ಎಂಬ ಖಬರೇ ಅವರಿಗೆ ಉಳಿಯಲಿಲ್ಲ. "ಶಾಭಾಸ್! ಇನ್ನೊಮ್ಮೆ! ಜೋರಾಗಿ!" ಅಂದರು. ಜಾಣರಿಗೂ ಒಮ್ಮೊಮ್ಮೆ ಬುದ್ಧಿಗೆ ಮಂಕು ಕವಿಯುತ್ತದೆ.

ಪೌಳಿಯ ಗೋಡೆಯ ಆಚೆ ಮಾಯವ್ವನ ಅಜ್ಜಿ ಲಗಮವ್ವ ಮತ್ತು ನೆರೆಯ ನಾಗೂಬಾಯಿ ಉಣ್ಣೆ ನೂಲುತ್ತ ಕೂತಿದ್ದರು. ಮೊದಲ ಸಲ ಕೇಳಿದಾಗ ಲಗಮವ್ವನ ಕೈಯ ಕದಿರು ನಿಂತಿತು. ಎರಡನೇ ಸಲ ಕೇಳಿದಾಗ ಅದು ಕೆಳಗೆ ಬಿತ್ತು. ಹಣೆಗೆ ಭಂಡಾರ, ಹಾಲಸಿದ್ದನ ಪೌಳಿ, ನುಡಿಯುವವಳು ಏನೂ ಅರಿಯದ ಕೂಸು. ಸಂಶಯಕ್ಕೆ ಎಲ್ಲಿ ಜಾಗ? ನಾಗೂಬಾಯಿ ಓಡಿಹೋಗಿ ಯಲಗೂರಪ್ಪನಿಗೆ ಹೇಳಿದಳು. ಮುಂದೆ ಯಾರ ಕೈಯಲ್ಲೂ ಏನೂ ಉಳಿಯಲಿಲ್ಲ.

ಯಲಗೂರಪ್ಪ ಅರ್ಥ ಬಿಡಿಸಿದ. ರಕ್ತದ ಹೊಳೆ ಅಂದರೆ ಕುರಿಗಳಿಗೆ ರಕ್ತಭೇದಿ. ಹಾಗಾಗಿ ಶುಕ್ರವಾರ ಹಟ್ಟಿಯಿಂದ ಕುರಿ ಬಿಡಬಾರದು. ಹೊಲದ ಬದುವಿನ ಸಲುವಾಗಿ ಹತ್ತು ವರ್ಷದಿಂದ ಮಾತು ಬಿಟ್ಟಿದ್ದ ಗುಂಡು ಮತ್ತು ಅವನ ತಮ್ಮ ಬುಧವಾರವೇ ಒಬ್ಬರ ಚಂಚಿಯಿಂದ ಒಬ್ಬರು ಎಲೆಅಡಿಕೆ ತಿಂದರು. ದ್ವೇಷದ ಬೆಂಕಿ ತಮ್ಮದೇ ಮನೆಯಿಂದ ಹೊತ್ತುವುದು ಇಬ್ಬರಿಗೂ ಬೇಡವಾಗಿತ್ತು. ತಾಯಿಯಿಂದ ಅಗಲುವ ಮಗ ಎಂದದ್ದಕ್ಕೆ ಲಗಮವ್ವ ಮಾತ್ರ ಯಾರ ಅರ್ಥಕ್ಕೂ ಕಾಯಲಿಲ್ಲ. ಅವಳ ಮಗ, ಮಾಯವ್ವನ ಅಪ್ಪ ಮಲ್ಲಾರಿ, ಇಚಲಕರಂಜಿಯಲ್ಲಿ ಯಾರದೋ ಮಗ್ಗದ ಶೆಡ್ಡಿನಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದ. "ಇದ್ದಂಗ ಹೊಂಟ ಬಾ" ಎಂದು ಅವನಿಗೆ ಬಸ್ಸಿನವರ ಕೈಯಲ್ಲಿ ಮಾತು ಕಳಿಸಿದಳು. ಯಾಕೆಂದು ಹೇಳಲಿಲ್ಲ. ಆ ಮಾತು ಬಾಯಲ್ಲಿ ಬರಬಾರದಲ್ಲ!

ಮಲ್ಲಾರಿ ನಡೆಯುತ್ತಿದ್ದ ಮಗ್ಗ ನಿಲ್ಲಿಸಿ, ಮಾಲಕನ ಬೈಗುಳ ತಿಂದು, ಗುರುವಾರ ಸಂಜೆ ಬಂದು ಮುಟ್ಟಿದ. ಅವ್ವ ಸತ್ತೇ ಹೋಗಿದ್ದಾಳೆಂದು ತಿಳಿದು ಊರ ಅಗಸೆ ಬಾಗಿಲಿನಿಂದಲೇ ಅಳುತ್ತ ಬಂದವನು ಅವಳು ಕಟ್ಟೆಯ ಮೇಲೆ ಕೂತದ್ದನ್ನು ಕಂಡು, ಸಿಟ್ಟಿನಿಂದ ಇನ್ನಷ್ಟು ಅತ್ತ. ಲಗಮವ್ವ ಅವನ ತಲೆ ಸವರಿ, ಮೈಕೈ ಮುಟ್ಟಿ ನೋಡಿ, ಒಳಗೆ ಕರೆದು ರೊಟ್ಟಿ ಹಾಕಿದಳು.

ಇಷ್ಟೆಲ್ಲ ನಡೆದರೂ ಮಹಾಗಾಂವದಲ್ಲಿ ಮಲಗಿ ಏಳುವ ಬಾಯಾರಿಗೆ ಏನೂ ಗೊತ್ತಿಲ್ಲ. ಹೇಳಿಕೆ ಅವರೆದುರಿಗೇ ಆದದ್ದು, ಗೊತ್ತೇ ಇರುತ್ತದೆ ಎಂದು ಊರವರು ಬಿಟ್ಟಿದ್ದರು. ಶುಕ್ರವಾರ ಬೆಳಿಗ್ಗೆ ಬಂದು ನೋಡುತ್ತಾರೆ, ಇಡೀ ವಾಡಿಯೇ ಪೌಳಿಯಲ್ಲಿ ಕೂತಿದೆ! ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ, ನಡುವೆ ಕೂಸುಗಳು, ರೊಟ್ಟಿಯ ಗಂಟುಗಳು.

"ಏನ್ರೀ ಇದು?"

"ಜಾಗಾ ಹಿಡಿಯಾಕ ಬಂದೇವ್ರಿ ಬಾಯಾರ," ಎಂದಳು ನಾಗೂಬಾಯಿ. "ತಡಾ ಮಾಡಿದವ್ರಿಗಿ ಜಾಗಾ ಇಲ್ಲಂತಲ್ರಿ. ನೀವೂ ಕೂಡ್ರಿ. ಹೆಂಗಸರದು ಈ ಕಡೆ."

ಬಾಯಾರಿಗೆ ಒಂದೊಂದಾಗಿ ಅರ್ಥವಾಯಿತು. "ಅಯ್ಯ, ಅದು..." ಎಂದು ಬಾಯಿ ತೆರೆದರು. ಅಷ್ಟರಲ್ಲಿ ಊರ ಹೊರಗಿನಿಂದ ಗುಡುಗಿನಂಥ ದನಿ ಕೇಳಿತು: "ಬರುತ್ತಿದೆ! ಬರುತ್ತಿದೆ!" ಹೆಂಗಸರು ಕೂಸುಗಳನ್ನು ಎದೆಗೆ ಅವಚಿಕೊಂಡರು. ಗುಂಡು ತಮ್ಮನ ಕೈ ಹಿಡಿದ. ಯಲಗೂರಪ್ಪ ಭಂಡಾರ ಎರಚಿ ಉದ್ದಕ್ಕೆ ಅಡ್ಡಬಿದ್ದ. ಒಂದು ಟೆಂಪೋ ಧೂಳೆಬ್ಬಿಸುತ್ತ ಬಂದು ಗುಡಿಯ ಮುಂದೆ ನಿಂತಿತು. ಅದರ ಎರಡೂ ಮಗ್ಗುಲಿಗೆ ಮೀಸೆಯ ಗಂಡಸು, ಅಳುವ ಹೆಂಗಸು, ಬಂದೂಕುಗಳ ಚಿತ್ರ, ಮೇಲೆ ಧ್ವನಿವರ್ಧಕ. ಸಂಕೇಶ್ವರದ ರಸ್ತೆಗೆ ಬಂದಿಳಿದ ಟೂರಿಂಗ್ ಟಾಕೀಸಿನವನು ಮಾಯವ್ವ ಹೇಳಿದ್ದನ್ನೇ ಅಕ್ಷರ ಬಿಡದೆ ಹೇಳಿ, ಕಡೆಗೆ "ದಿನಾಲು ಎರಡು ಆಟ!" ಎಂದು ಸೇರಿಸಿ, ಕೈತುಂಬ ಕೆಂಪು ಕಾಗದ ತೂರಿ ಹೊರಟುಹೋದ.

ಮೊದಲು ನಕ್ಕವನು ಮಲ್ಲಾರಿ. ಅವನು ಇಚಲಕರಂಜಿಯಲ್ಲಿ ಸಿನಿಮಾ ನೋಡಿ ಬಲ್ಲವನು. ಹೊಟ್ಟೆ ಹಿಡಿದುಕೊಂಡು ಕಂಬಕ್ಕೆ ಒರಗಿದ. ಆಮೇಲೆ ಮಧ್ಯಾಹ್ನದ ಬಸ್ಸಿಗೆ ಹೊರಟುಹೋದ. ಪೌಳಿಯಲ್ಲಿ ನೆಲದಿಂದ ಎದ್ದ ಯಲಗೂರಪ್ಪ ಮಾತ್ರ ನಗಲಿಲ್ಲ. ಅವನು ಇಡೀ ಊರಿನ ಎದುರಿಗೆ ಟೂರಿಂಗ್ ಟಾಕೀಸಿಗೆ ಉದ್ದಂಡ ನಮಸ್ಕಾರ ಹಾಕಿದ್ದ.

"ನಾಳೆ ಮುಂಜಾನೆ ಆ ಚೀಲ ಗುಡಿ ಮುಂದ ಸುಡಬೇಕು," ಎಂದ. "ದೇವರ ಪೌಳಿಯೊಳಗ ಸರಕಾರಿ ಪುಸ್ತಕ ಬಿಟ್ಟ ಬ್ಯಾರೆ ಕಾಗದಾ ಬಂತೂ, ಶಾಳಿ ಹೊರಗ. ತಿಳೀತಿಲ್ರಿ ಬಾಯಾರ?"

ಬಾಯಾರಿಗೆ ಆ ರಾತ್ರಿ ಊಟ ಸೇರಲಿಲ್ಲ. ಬೇರೆ ಜಾಗವಿಲ್ಲ. ಮಳೆಗೆ ಬಿದ್ದ ಗೋಡೆಯನ್ನು ಎತ್ತುವವರಿಲ್ಲ. ಚೀಲ ಹೋದರೆ ಈ ಮಕ್ಕಳೂ ತಮ್ಮ ಹಾಗೆ ಒಂದೇ ಪುಸ್ತಕವನ್ನು ಹಾಡಿಕೊಂಡು ಹೊರಗೆ ಬರುತ್ತವೆ. ಚೀಲಕ್ಕಿಂತ ಹೆಚ್ಚಾಗಿ ಮಾಯವ್ವ ಅವರನ್ನು ಕಾಡಿದಳು. ಟೆಂಪೋ ಹೋದಾಗಿನಿಂದ ಆ ಹುಡುಗಿ ಅಜ್ಜಿಯ ಸೆರಗಿನಲ್ಲಿ ಮುಖ ಹುಗಿದು ಕೂತಿತ್ತು. ಜೀವಮಾನದಲ್ಲಿ ಒಂದು ಸಲ ನೆಟ್ಟಗೆ ಓದಿದ್ದಕ್ಕೆ ಊರೆಲ್ಲ ಬೈದರೆ ಯಾವ ಮಗು ಮತ್ತೆ ಬಾಯಿ ತೆರೆದೀತು?

ಶನಿವಾರ ಚೀಲ ಸುರಿದರು. ಯಲಗೂರಪ್ಪ ಕಡ್ಡಿಪೆಟ್ಟಿಗೆ ತೆಗೆದ. ಆಗ ನಾಗೂಬಾಯಿ, "ತಡೀರಿ. ಅದರಾಗ ದೇವರ ಕಾಗದಾ ಇದ್ರ?" ಎಂದಳು.

ಯಲಗೂರಪ್ಪನ ಕೈ ನಿಂತಿತು. ದೇವರ ಹೆಸರಿರುವ, ಅರಿಷಿಣ ಹತ್ತಿದ ಕಾಗದವನ್ನು ಸುಡುವಂತಿಲ್ಲ, ಹೊಳೆಗೇ ಬಿಡಬೇಕು. ಆ ನೇಮ ಎಲ್ಲರಿಗಿಂತ ಹೆಚ್ಚಾಗಿ ಅವನಿಗೇ ಗೊತ್ತು. ಆದರೆ ಯಾವುದರಲ್ಲಿ ದೇವರಿದ್ದಾನೆ ಎಂದು ಹೇಳಬೇಕಾದರೆ ಓದಬೇಕು. ಅವನಿಗೆ ಓದು ಬಾರದು. ಬಾಯಾರು ಓದಿ ಹೇಳಿದರೆ ಪ್ರತಿವಾದಿಯ ಮಾತು ನಂಬಿದ ಹಾಗೆ. ಹೀಗಾಗಿ ಮಕ್ಕಳೇ ಓದಬೇಕು, ಹಿರಿಯರು ಕೇಳಿ ತೀರ್ಪು ಕೊಡಬೇಕು ಎಂದಾಯಿತು. ಕಡೆಯ ಮಾತು ಲಗಮವ್ವನದು, ಯಾಕೆಂದರೆ ಪಾಳಿ ಮುರಿದು ಬೈಸಿಕೊಂಡವನು ಅವಳ ಮಗ.

ಮಕ್ಕಳು ಹೆದರಿದ್ದವು. ಹೆದರಿದ ಮಕ್ಕಳು ಹಳೇ ದಾರಿಯನ್ನೇ ಹಿಡಿಯುತ್ತವೆ. ಒಬ್ಬ ಎದ್ದು ರಾಗ ತೆಗೆದ, ಇನ್ನೊಬ್ಬ ಅದೇ ರಾಗ ತೆಗೆದ, ಮೂರನೆಯವಳೂ ಅದನ್ನೇ. ಬಾಯಾರು ತಲೆ ತಗ್ಗಿಸಿ ಕೂತರು. ಯಲಗೂರಪ್ಪ ಕಿವಿಯೊಳಗೆ ಬೆರಳಾಡಿಸಿಕೊಂಡ.

"ಏನ್ ಹಾಡತಾವೋ ಏನೋ! ಎಲ್ಲಾ ಒಂದ ನಮೂನಿ ಕೇಳಸ್ತೈತಿ. ದೇವರದು ಯಾವುದು, ದನದ ಔಷಧ ಯಾವುದು, ಒಂದೂ ತಿಳೀವಲ್ದು. ಏ, ನೆಟ್ಟಗ ಓದ್ರ್ಯೋ! ಯಾವ ಕಾಗದಾ ಹ್ಯಾಂಗ ಐತಿ ಹಂಗ ಓದ್ರಿ!"

ಬಾಯಾರು ತಲೆ ಎತ್ತಿದರು. ಸೋಮವಾರ ತಾವು ಮಕ್ಕಳಿಗೆ ಹೇಳಿದ ಮಾತೇ! "ಕೇಳಿದ್ರೇನ? ಪೂಜಾರಿ ಅಜ್ಜಾರ ಅಪ್ಪಣಿ ಆಗೇತಿ," ಎಂದು ಮಕ್ಕಳಿಗೆ ಹೇಳಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

ಆಗ ಓದು ಶುರುವಾಯಿತು. ಲಗ್ನಪತ್ರಿಕೆ ಓದಿದ ಹುಡುಗ ಬೀಗರ ಗತ್ತಿನಲ್ಲಿ ಓದಿದ. ಅರಿಷಿಣ ಹತ್ತಿತ್ತು, ಸುಡುವಂತಿಲ್ಲ. ಪಂಚಾಂಗದಲ್ಲಿ ಒಂಬತ್ತು ಗ್ರಹಗಳೂ ಕೂತಿದ್ದವು, ಅದಕ್ಕೆ ಕಡ್ಡಿ ಗೀರುವ ಧೈರ್ಯ ಯಾರಿಗೂ ಬರಲಿಲ್ಲ. ಜಂತುಹುಳದ ಔಷಧದ ಚೀಟಿಯನ್ನು ಗುಂಡು ಎರಡು ಸಲ ಓದಿಸಿ, ತನ್ನ ರುಮಾಲಿನೊಳಗೆ ಸಿಕ್ಕಿಸಿಕೊಂಡ. ನಗೆಹನಿಗೆ ನಾಗೂಬಾಯಿ ಎಷ್ಟು ನಕ್ಕಳೆಂದರೆ ಬಿಕ್ಕಳಿಕೆ ಹತ್ತಿತು. ನಾಟಕದ ಹಾಳೆಯಲ್ಲಿ ಸೊಸೆಗೂ ಅತ್ತೆಗೂ ಜಗಳ. ಹುಡುಗಿಯರಿಬ್ಬರು ಅದನ್ನು ಹಂಚಿಕೊಂಡು ಓದುವಾಗ ಹೆಂಗಸರು ಎರಡು ಪಕ್ಷವಾಗಿ, ಹಾಳೆಯಲ್ಲಿ ಇಲ್ಲದ ಮಾತುಗಳನ್ನೂ ಒದಗಿಸಿದರು.

"ಮಾಯವ್ವಾ, ನೀ ಒಂದ ಓದ," ಎಂದರು ಬಾಯಾರು ಮೆಲ್ಲಗೆ.

ಹುಡುಗಿ ಅಜ್ಜಿಯ ಮುಖ ನೋಡಿತು. ಮಾಯವ್ವ ಒಂದು ಪತ್ರಿಕೆಯ ತುಂಡು ಎತ್ತಿಕೊಂಡಳು. ಮನಸ್ಸಿನಲ್ಲಿ ಓದಿಕೊಂಡಳು. ಆಮೇಲೆ ದನಿ ತಗ್ಗಿಸಿ, ಅವಸರವಿಲ್ಲದೆ ಓದಿದಳು. ನಿಪ್ಪಾಣಿಯ ಒಬ್ಬ ತಂಬಾಕಿನ ವ್ಯಾಪಾರಿ ತೀರಿಕೊಂಡ ಸುದ್ದಿ. ವಯಸ್ಸು ಇಷ್ಟು, ಬಿಟ್ಟು ಹೋದವರು ಇಂಥವರು, ಮೂರನೇ ದಿನದ ಕಾರ್ಯ ಇಂಥಲ್ಲಿ. ಅವಳಿಗೆ ಇದನ್ನು ಹೀಗೆ ಓದಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಗುಂಡು ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಹೆಂಗಸರು ಸೆರಗು ಹೊದ್ದರು. ಎಂದೂ ಕಾಣದ ಮನುಷ್ಯನಿಗಾಗಿ ಸಿದ್ದನವಾಡಿ ಸುಮ್ಮನೆ ಕೂತಿತು. ರಾಜಮತಿ ಬಾಯಾರಿಗೆ ಅಳು ತಡೆಯಲಿಲ್ಲ. ಅತ್ತದ್ದು ತಂಬಾಕಿನ ವ್ಯಾಪಾರಿಗಲ್ಲ.

"ಇದನ್ನ ಸುಡಾಕ ಅಡ್ಡಿಲ್ಲ," ಎಂದ ಯಲಗೂರಪ್ಪ. "ದೇವರ ಹೆಸರಿಲ್ಲ."

"ಒಮ್ಮೆ ಸುಟ್ಟಾರ ಅವರನ್ನ," ಎಂದಳು ನಾಗೂಬಾಯಿ. "ಎಷ್ಟ ಸಲ ಸುಡತೀರಿ?"

ಬಿಸಿಲು ನೆತ್ತಿಗೆ ಬಂತು. ಓದಿದ ಕಾಗದವೆಲ್ಲ ಚೀಲಕ್ಕೇ ಮರಳಿತ್ತು, ಹೊಳೆಗೆ ಬಿಡುವ ಮಾತನ್ನು ಎಲ್ಲರೂ ಮರೆತಿದ್ದರು. ಸುಡಬೇಕಾದ ಗುಂಪಿನಲ್ಲಿ ಒಂದೇ ಒಂದು ಕಾಗದ ಉಳಿದಿತ್ತು, ಆ ಕೆಂಪು ಕಾಗದ. ಅದನ್ನು ಬಾಯಾರೇ ಎತ್ತಿ ಕೊಟ್ಟರು. ಯಲಗೂರಪ್ಪ ಹುರುಪಿನಿಂದ ಕಡ್ಡಿ ಗೀರಿದ. ದೇವರಿಲ್ಲ, ಅರಿಷಿಣವಿಲ್ಲ, ಔಷಧವಿಲ್ಲ. ಸುಳ್ಳಷ್ಟೇ ಇದ್ದ ಕಾಗದ.

ಲಗಮವ್ವ ಎದ್ದು ಬಂದು ಅವನ ಕೈಯಿಂದ ಕಾಗದ ಕಸಿದುಕೊಂಡಳು.

"ಏ ಲಗಮವ್ವಾ, ಯಾಕ? ಇದರ ಸಲುವಾಗಿ ಅಲ್ಲೇನ ನಿನ್ನ ಮಗಾ ಪಾಳಿ ಬಿಟ್ಟು ಓಡಿ ಬಂದದ್ದು?"

"ಅದಕ್ಕ ಸುಡಬ್ಯಾಡ ಅನ್ನಾಕತ್ತೇನಿ," ಎಂದಳು ಲಗಮವ್ವ. "ದೀಪಾವಳಿಗಿ ಬಾ ಅಂದ್ರ ಬರಲಿಲ್ಲ. ಪಂಚಮಿಗಿ ಬಾ ಅಂದ್ರ ಬರಲಿಲ್ಲ. ನಿನ್ನ ದೇವರಿಗಿ ಎಷ್ಟ ಕಾಯಿ ಒಡಿಸೇನಿ ನಾ, ಯಲಗೂರಪ್ಪಾ? ನನ್ನ ಮೊಮ್ಮಗಳು ಇದನ್ನ ಒಂದ ಸಲ ಓದಿದ್ಲು, ನನ್ನ ಮಗಾ ಮನೀಗಿ ಬಂದಾ. ನನ್ನ ಕೈಯಾಗ ಎರಡ ರೊಟ್ಟಿ ತಿಂದಾ."

ಅವಳು ಕಾಗದವನ್ನು ಮಡಿಚಿ ಮಾಯವ್ವನ ಕೈಗೆ ಕೊಟ್ಟಳು.

"ಚೀಲದಾಗ ಹಾಕ. ಪಂಚಮಿಗಿ ಮತ್ತ ಓದೂಣು."